ಮಾವನವರನ್ನು ಗೋಡೆಗೇರಿಸಿದ್ದು

ದಿನಕ್ಕೆ ಎಂಟುನೂರು ಮೊಳೆ ಹೊಡೆಯುವ ಮನುಷ್ಯ ನಾನು. ದೊಡ್ಡ ದೊಡ್ಡ ಯಂತ್ರಗಳನ್ನು ಹಡಗಿಗೆ ಹತ್ತಿಸಲು ಮರದ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ನನ್ನ ಕೆಲಸ. ನಾನು ಬಡಿದು ಮುಚ್ಚಿದ ಪೆಟ್ಟಿಗೆ ಏಳು ಸಮುದ್ರ ದಾಟಿ ಇಳಿದರೂ ಅದರ ಒಂದು ಮೊಳೆ ಅಲುಗಿದ ದಾಖಲೆ ಇಲ್ಲ. ಇಂಥ ನನಗೆ, ನಾನೇ ಬಾಡಿಗೆ ಕಟ್ಟುವ ಮನೆಯ ಗೋಡೆಗೆ, ಒಂದೇ ಒಂದು ಮೊಳೆ ಹೊಡೆಯಕೂಡದು ಎಂದವನನ್ನು ಇವತ್ತಿನವರೆಗೂ ಕ್ಷಮಿಸಿಲ್ಲ. ಕ್ಷಮಿಸುವ ಅಂದಾಜೂ ಇಲ್ಲ!

ಅವನು ನಮ್ಮ ಕಟ್ಟಡದ ಉಸ್ತುವಾರಿಯವನು. ಸೊಂಟದಲ್ಲಿ ತೆಂಗಿನಕಾಯಿ ಗಾತ್ರದ ಬೀಗದಕೈ ಗೊಂಚಲು ತೂಗುಹಾಕಿಕೊಂಡು, ಮೆಟ್ಟಿಲು ಹತ್ತುವಾಗ ಬಂಡಿಯೆತ್ತಿನಂತೆ ಗಲಗಲ ಸದ್ದು ಮಾಡುತ್ತಾ ಬರುತ್ತಾನೆ. ಅವನಿಗೆ ಗೊಂಚಲಯ್ಯ ಎಂದು ನಾನೇ ನಾಮಕರಣ ಮಾಡಿದ್ದೇನೆ. ಮನೆಯ ಬೀಗದಕೈ ಕೊಡುವಾಗ ಅದರ ಜೊತೆ ನಲವತ್ತೊಂದು ನಿಯಮಗಳಿದ್ದ ಕಾಗದವನ್ನೂ ಕೊಟ್ಟ. ನಾನು ಓದಿದ್ದು ಐದನೇ ಕ್ಲಾಸು, ಅದೂ ನಮ್ಮ ಭಾಷೆಯಲ್ಲಿ. ಈ ಊರಿನ ಭಾಷೆ ನನಗೆ ಕೆಲಸಕ್ಕೆ ಬೇಕಾದಷ್ಟು ಮಾತ್ರ ಗೊತ್ತು: ಎತ್ತು, ಇಳಿಸು, ಬೇಗ, ನಿಲ್ಲಿಸು, ಮತ್ತು ಇವುಗಳ ಮಧ್ಯೆ ತುಂಬಲು ಆರೇಳು ಬೈಗುಳ. ಹಾಗಾಗಿ ಅವನು ಏಳನೇ ನಿಯಮವನ್ನು ಅಭಿನಯಿಸಿ ತೋರಿಸಿದ. ಮುಷ್ಟಿಯನ್ನು ಸುತ್ತಿಗೆ ಮಾಡಿ ಗೋಡೆಗೆ ಬಡಿದ. ಬೆರಳಾಡಿಸಿ ಬೇಡ ಎಂದ. ಬೆನ್ನ ಮೇಲೆ ಮೂಟೆ ಹೊತ್ತವನಂತೆ ಬಗ್ಗಿ ಮೆಟ್ಟಿಲ ಕಡೆ ನಾಲ್ಕು ಹೆಜ್ಜೆ ಹಾಕಿದ. ಗೋಡೆಗೆ ತೂತು ಬಿದ್ದರೆ ವಾರದೊಳಗೆ ಗಂಟುಮೂಟೆ! ನಾಟಕದ ಕಂಪನಿಯಲ್ಲಿ ಇರಬೇಕಾದ ಆಸಾಮಿ.

ನಾನು ತಲೆ ಆಡಿಸಿ ಸಹಿ ಹಾಕಿದೆ. ಯಾಕೆಂದರೆ ಆ ಮನೆ ನನಗೆ ಬೇಕೇಬೇಕಿತ್ತು. ಹನ್ನೊಂದು ವರ್ಷ ಐವರು ಗಂಡಸರ ಜೊತೆ ಒಂದೇ ಕೋಣೆಯಲ್ಲಿ ಅವರ ಗೊರಕೆ ಕೇಳುತ್ತಾ ಬದುಕಿದವನು ನಾನು. ಮಗಳ ಮದುವೆ ಮುಗಿದ ಮೇಲೆ ಹೆಂಡತಿ ಕೊನೆಗೂ ಬರುತ್ತೇನೆ ಎಂದಿದ್ದಳು. ಆದರೆ ಸುಮ್ಮನೆ ಬರಲಿಲ್ಲ, ಷರತ್ತು ಕಟ್ಟಿಕೊಂಡು ಬಂದಳು.

"ಮೂರು ತಿಂಗಳು ನೋಡ್ತೀನಿ. ಮನೆ ಅನ್ನಿಸಿದ್ರೆ ಇರ್ತೀನಿ. ಇಲ್ಲಾಂದ್ರೆ ಹೊರಟೆ. ವಾಪಸ್ ಟಿಕೆಟ್ ನನ್ನ ಹತ್ರಾನೇ ಇದೆ."

ಟಿಕೆಟ್ ಮಾಡಿಸಿಕೊಟ್ಟಿದ್ದು ನಮ್ಮ ಅಳಿಯ. ಎಂಥ ಒಳ್ಳೆಯ ಹುಡುಗ ನೋಡಿ! ಆ ಕಾಗದವನ್ನು ಅವಳು ಪೆಟ್ಟಿಗೆಯ ತಳದಲ್ಲಿಟ್ಟಳು. ಅದನ್ನು ನನಗೆ ತೋರಿಸಲಿಲ್ಲ, ಕೇಳುವ ಧೈರ್ಯ ನನಗೂ ಬರಲಿಲ್ಲ. ನಾನು ಮನಸ್ಸಿನಲ್ಲೇ ದಿನ ಎಣಿಸತೊಡಗಿದೆ.

ಮನೆ ಮೂರನೇ ಮಹಡಿಯಲ್ಲಿ. ಒಂದು ಕೋಣೆ, ಒಬ್ಬರು ತಿರುಗಿದರೆ ಇನ್ನೊಬ್ಬರು ಹೊರಗೆ ಹೋಗಬೇಕಾದ ಅಡುಗೆಮನೆ, ಒಂದು ಬಚ್ಚಲು. ಕಿಟಕಿ ಮಾತ್ರ ಅರ್ಧ. ತಮಾಷೆಯಲ್ಲ, ನಿಜವಾಗಿಯೂ ಅರ್ಧ. ಒಂದು ಅಗಲವಾದ ಕಿಟಕಿ ಎಡಗಡೆಯಿಂದ ಬಂದು ನಮ್ಮ ಗೋಡೆಯೊಳಗೆ ಮಾಯವಾಗುತ್ತಿತ್ತು. ಉಳಿದರ್ಧ ಪಕ್ಕದ ಮನೆಯಲ್ಲಿತ್ತು. ಅದನ್ನು ನೋಡಿದಾಗಲೇ ಒಬ್ಬ ಬಡಗಿಗೆ ಹೊಳೆಯಬೇಕಿತ್ತು, ಇದು ಒಂದು ಮನೆಯ ನಡುವೆ ಹಲಗೆ ನಿಲ್ಲಿಸಿ ಎರಡು ಬಾಡಿಗೆ ಎತ್ತುವ ಉಪಾಯ ಎಂದು. ನನಗೆ ಹೊಳೆಯಲಿಲ್ಲ. ನನ್ನ ತಲೆಯಲ್ಲಿ ಆಗ ಮಾವನವರು ತುಂಬಿಕೊಂಡಿದ್ದರು.

ಯಾಕೆಂದರೆ ಹೆಂಡತಿಯ ಜೊತೆ ಮಾವನವರೂ ಬಂದಿದ್ದರು. ಫೋಟೊದಲ್ಲಿ.

ಈ ಮಾವ ಯಾರು ಎಂದು ಹೇಳಲೇಬೇಕು. ನನಗೆ ಉಳಿ ಹಿಡಿಯಲು ಕಲಿಸಿದ ಮೇಸ್ತ್ರಿ ಅವರೇ. ಮದುವೆಗೆ ಮುಂಚೆ "ಲೋ" ಎಂದು ಬೈಯುತ್ತಿದ್ದರು, ಮದುವೆಯಾದ ಮೇಲೆ "ಅಳಿಯಂದ್ರೇ" ಎಂದು ಬೈಯುತ್ತಿದ್ದರು. ಬೈಗುಳ ಅವೇ. ಯಾವ ಗೋಡೆಯನ್ನಾದರೂ ಮೊದಲು ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಆಮೇಲೆ ಮೊಳೆ ಹಿಡಿಯುವ ಜಾತಿ. ನಾನು ಮೊದಲು ಹೊಡೆದು ಆಮೇಲೆ ಕೇಳುವವನು. ಕಲಿಕೆ ಮುಗಿದಾಗ ಗುರುದಕ್ಷಿಣೆ ಏನು ಕೊಡಲಿ ಎಂದು ಕೇಳಿದೆ. ಹತ್ತು ಜನರ ಎದುರು ನಕ್ಕು ಹೇಳಿದರು: "ನಂಗೇನೂ ಬೇಡ ಕಣೋ. ಒಂದೇ ಒಂದ್ಸಲ ಬಾಯ್ಬಿಟ್ಟು 'ತಪ್ಪಾಯ್ತು' ಅನ್ನು. ಅಲ್ಲಿಗೆ ಚುಕ್ತಾ."

ಹತ್ತು ಜನರೂ ನಕ್ಕರು. ನಾನು ಹೇಳಲಿಲ್ಲ. ಅವರು ತೀರಿಕೊಳ್ಳುವವರೆಗೂ ಹೇಳಲಿಲ್ಲ. ಹೇಳಲು ಕಾರಣಗಳು ಬೇಕಾದಷ್ಟಿದ್ದವು, ಅದು ಬೇರೆ ಮಾತು.

ಆ ಫೋಟೊದ ಕಟ್ಟನ್ನು ಮಾಡಿದ್ದು ಕೂಡ ಅವರೇ, ತಾವು ಬದುಕಿದ್ದಾಗಲೇ! ತಮ್ಮ ಫೋಟೊಗೆ ತಾವೇ ತೇಗದ ಕಟ್ಟು ಹಾಕಿಟ್ಟು ಹೋದರು. ಅಳಿಯನ ಕೈಗೆ ಸಿಕ್ಕರೆ ಮೂಲೆ ಕೂಡುವುದಿಲ್ಲ ಎಂಬ ಅನುಮಾನ. ಎರಡು ಕೈಯಲ್ಲಿ ಎತ್ತಬೇಕು, ಅಷ್ಟು ಭಾರ.

ಬಂದ ದಿನವೇ ಹೆಂಡತಿ ಫೋಟೊವನ್ನು ಕುರ್ಚಿಯ ಮೇಲಿಟ್ಟಳು. ನಮ್ಮಲ್ಲಿದ್ದದ್ದು ಎರಡೇ ಕುರ್ಚಿ. ಒಂದರಲ್ಲಿ ಅವಳು, ಒಂದರಲ್ಲಿ ಅವಳಪ್ಪ. ನಾನು ಗೋಡೆಗೊರಗಿ ನಿಂತು ಊಟ ಮಾಡುವುದು! ಮರಗೆಲಸದವನಿಗೆ ಮೂರನೇ ಕುರ್ಚಿ ಮಾಡಿಕೊಳ್ಳಲು ಏನು ಕಷ್ಟ ಎಂದು ನೀವು ಕೇಳಬಹುದು. ನಮ್ಮ ಕಾರ್ಖಾನೆಯ ಗೇಟಿನಲ್ಲಿ ಒಂದು ಚಕ್ಕೆ ಹೊರಗೆ ಹೋದರೂ ಜೇಬು ತಡಕುತ್ತಾರೆ. ಒಂದು ದಿನ ಕಾಲು ಸೋತು ಫೋಟೊವನ್ನು ನೆಲಕ್ಕಿಳಿಸಲು ಕೈ ಹಾಕಿದೆ.

"ಊಟದ ಮಧ್ಯೆ ಅಪ್ಪನ್ನ ಎಬ್ಬಿಸ್ತೀರಾ?" ಎಂದಳು.

ಅದೇ ಗಳಿಗೆಯಲ್ಲಿ ಶಪಥ ಮಾಡಿದೆ. ಏಳನೇ ನಿಯಮ ಹಾಳಾಗಿ ಹೋಗಲಿ. ಮಾವನವರನ್ನು ಗೋಡೆಗೇರಿಸಿ, ಆ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರದಿದ್ದರೆ ನಾನು ಸುತ್ತಿಗೆ ಹಿಡಿಯುವುದನ್ನೇ ಬಿಡುತ್ತೇನೆ. ಫೋಟೊ ಮರೆಯಲ್ಲಿರುವ ಮೊಳೆ ಗೊಂಚಲಯ್ಯನಿಗೇನು ಕಾಣುತ್ತದೆ?

ಭಾನುವಾರ ಮಧ್ಯಾಹ್ನ, ಉಸ್ತುವಾರಿಗೆ ರಜೆ. ಎರಡಿಂಚಿನ ಮೊಳೆ ಹಿಡಿದೆ. ಗೋಡೆ ತಟ್ಟಿ ನೋಡಿದಿರಾ, ಅಪ್ಪ ಯಾವಾಗಲೂ ತಟ್ಟಿ ನೋಡುತ್ತಿದ್ದರು ಎಂದಳು ಹೆಂಡತಿ. ನಿಮ್ಮಪ್ಪ ತಟ್ಟುವವರು, ನಾನು ಹೊಡೆಯುವವನು ಎಂದೆ. ಒಂದು ಏಟು. ಮೊಳೆ ಪುಸಕ್ಕನೆ ಒಳಗೆ ಹೋಯಿತು. ಹೋದದ್ದು ಹೋಯಿತು, ತಲೆ ಸಮೇತ! ಗೋಡೆಯೊಳಗೆ ಎಲ್ಲೋ ಟಣ್ ಎಂದು ಬಿದ್ದ ಸದ್ದು. ನನಗೆ ಸಿಟ್ಟು ಏರಿತು. ಅದೇ ತೂತಿಗೆ ನಾಲ್ಕಿಂಚಿನದು ಹೊಡೆದೆ. ಅದು ನಿಂತಿತು, ಆದರೆ ಹಲ್ಲು ಅಲುಗಿದ ಹಾಗೆ ಅಲುಗುತ್ತಿತ್ತು. ಕಿತ್ತು ಬಿಸಾಡಿದೆ. ಈಗ ಮೊಳೆಗೂ ನನಗೂ ಹಠ ಬಿತ್ತು. ಪೆಟ್ಟಿಗೆಯ ಅಡಿಪಟ್ಟಿಗೆ ಬಳಸುವ ಆರಿಂಚಿನ ಮೊಳೆಯೊಂದು, ಗೇಟಿನವರ ತಡಕಾಟಕ್ಕೂ ಸಿಗದೆ, ನನ್ನ ಕೆಲಸದ ಅಂಗಿಯ ಜೇಬಿನಲ್ಲೇ ಉಳಿದಿತ್ತು. ಯಂತ್ರ ಹೊರುವ ಮೊಳೆ ಮಾವನನ್ನು ಹೊರುವುದಿಲ್ಲವೇ? ಉಸಿರು ಬಿಗಿಹಿಡಿದು ಬಡಿದೆ. ಎರಡು ಕಡೆ ಕಚ್ಚಿಕೊಂಡು ಗಟ್ಟಿಯಾಗಿ ಕೂತಿತು. ಒಂದು ಇಂಚು ಹೊರಗೆ ಬಿಟ್ಟು ಮಾವನವರನ್ನು ತೂಗುಹಾಕಿ, ಕುರ್ಚಿಯಲ್ಲಿ ಕೂತು, ಕಾಲ ಮೇಲೆ ಕಾಲು ಹಾಕಿದೆ.

ಮಾರನೇ ದಿನದವರೆಗೆ ನನ್ನ ಜೀವನದಲ್ಲಿ ಸುಖವಿತ್ತು.

ನನ್ನ ಪಾಳಿ ಬೆಳಗ್ಗೆ ಆರಕ್ಕೆ ಶುರುವಾಗಿ ಮಧ್ಯಾಹ್ನ ಮೂರಕ್ಕೆ ಮುಗಿಯುತ್ತದೆ. ಸೋಮವಾರ ಸಂಜೆ ಚಹಾ ಕುಡಿಯುತ್ತಾ, ಈ ಕೈಗೆ ಯಾರೂ ಏನೂ ಕಲಿಸಿದ್ದಲ್ಲ, ಇದು ಹುಟ್ಟಿನಿಂದ ಬಂದದ್ದು ಎಂದು ಹೆಂಡತಿಗೆ ವಿವರಿಸುತ್ತಿದ್ದೆ. ಫೋಟೊ ಅಲ್ಲಾಡಿತು. ಗಾಳಿಯಿಲ್ಲ, ನೆಲ ನಡುಗಿಲ್ಲ. ಮಾವನವರು ಒಂದು ಬೆರಳಷ್ಟು ಮೇಲೆದ್ದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆಯಾಡಿಸಿ ನಿಂತರು.

ನಾನು ಲೋಟ ಹಿಡಿದೇ ಬಾಗಿಲವರೆಗೆ ಹಿಂದೆ ಸರಿದೆ.

ಹೆಂಡತಿ ಮಾತ್ರ ಗಾಬರಿಯಾಗಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು, "ಅಪ್ಪ ಒಪ್ತಿಲ್ಲ," ಎಂದಳು.

ಅವತ್ತಿನಿಂದ ನಮ್ಮ ಮನೆಯ ಆಡಳಿತ ಬದಲಾಯಿತು. ಏನೇ ತೀರ್ಮಾನವಿದ್ದರೂ ಅಪ್ಪನ ಮುಂದಿಡುವುದು. ಹಳೇ ಸೋಫಾ ಕೊಳ್ಳೋಣವೇ? ಅಪ್ಪ ತಲೆ ಆಡಿಸಿದರು, ಬೇಡವಂತೆ. ಹೊಲಿಗೆ ಯಂತ್ರ ಕೊಳ್ಳೋಣವೇ? ಅಪ್ಪ ತಲೆ ಆಡಿಸಿದರು, ಬೇಕಂತೆ. ಎರಡು ಸಲವೂ ಆಡಿಸಿದ್ದು ಒಂದೇ ಥರ! ಅದು ಹೌದೋ ಅಲ್ಲವೋ ಎಂದು ಅರ್ಥ ಹೇಳುವ ಅಧಿಕಾರ ಮಾತ್ರ ಮಗಳದು. ನಾನು ಅಂಗಿ ಬದಲಾಯಿಸಲು ಬಚ್ಚಲಿಗೆ ಹೋಗತೊಡಗಿದೆ. ಬೀಡಿ ಬಿಟ್ಟೆ. ಮನೆಯೊಳಗೆ ನನ್ನ ದನಿ ಎಷ್ಟು ಇಳಿಯಿತೆಂದರೆ, ಆರೋಗ್ಯ ಸರಿಯಿಲ್ಲವೇ ಎಂದು ಮಗಳು ಫೋನಿನಲ್ಲಿ ಕೇಳಿದಳು.

ಎಲ್ಲಕ್ಕಿಂತ ದೊಡ್ಡದು ಫೋರ್‌ಮನ್ ವಿಷಯ. ಒಂದು ದಿನ ಅವನು ಎಲ್ಲರೆದುರು ನಾನು ಮಾಡಿದ ಮುಚ್ಚಳ ಸೊಟ್ಟ ಎಂದ. ನನ್ನ ಮುಚ್ಚಳ! ನಾಳೆ ಸುತ್ತಿಗೆಯನ್ನು ಅವನ ಮೇಜಿನ ಮೇಲೆಸೆದು ಕೆಲಸ ಬಿಟ್ಟು ಬರುತ್ತೇನೆ ಎಂದು ಮನೆಗೆ ಬಂದು ಗುಡುಗಿದೆ. ಕೆಲಸ ಬಿಟ್ಟರೆ ಮನೆಯೂ ಇಲ್ಲ, ಹೆಂಡತಿಯೂ ಹೊರಡುತ್ತಾಳೆ ಎಂಬುದು ಸಿಟ್ಟಿನಲ್ಲಿ ಯಾರಿಗೆ ನೆನಪಾಗುತ್ತದೆ?

"ಆಯ್ತು, ಬಿಡಿ. ಅಪ್ಪನ್ನ ಒಂದ್ಮಾತು ಕೇಳೋಣ. ಮೊದ್ಲು ಚಹಾ ಕುಡೀರಿ," ಎಂದಳು.

ಕುಡಿದೆ. ಇನ್ನರ್ಧ ಲೋಟ ಹಾಕಿದಳು, ಅದನ್ನೂ ಕುಡಿದೆ. ಕೆಲಸ ಬಿಡಲೇ ಮಾವ ಎಂದು ಕೇಳುತ್ತಿದ್ದ ಹಾಗೆ ಮಾವನವರು ಎಂದಿಗಿಂತ ಜೋರಾಗಿ ತಲೆಯಾಡಿಸಿದರು. ಬಿಡಲಿಲ್ಲ. ಮಾರನೇ ದಿನ ಯಾರೂ ಇಲ್ಲದಾಗ ಅಳತೆಪಟ್ಟಿ ಹಿಡಿದು ನೋಡಿದೆ. ಮುಚ್ಚಳ ಸೊಟ್ಟಗೇ ಇತ್ತು. ಇದನ್ನು ಇಷ್ಟರವರೆಗೆ ಯಾರಿಗೂ ಹೇಳಿಲ್ಲ, ನೀವೂ ಹೇಳಬೇಡಿ.

ಹೀಗೆ ಮೂರು ತಿಂಗಳು ಮುಗಿಯುತ್ತಾ ಬಂತು. ನನ್ನ ಎಣಿಕೆಯಲ್ಲಿ ಇನ್ನು ಎಂಟೇ ದಿನ. ಇರುತ್ತಾಳೋ ಹೊರಡುತ್ತಾಳೋ ಎಂಬ ಒಂದೇ ಒಂದು ಪ್ರಶ್ನೆಯನ್ನು ಮಾತ್ರ ನಾನು ಮಾವನ ಮುಂದಿಟ್ಟಿರಲಿಲ್ಲ. ಅವರು ತಲೆ ಆಡಿಸಿಬಿಟ್ಟರೆ? ಅಷ್ಟರಲ್ಲಿ ಬಾಗಿಲಿಗೆ ಒಂದು ಚೀಟಿ ಬಿತ್ತು. ಕಾರ್ಖಾನೆಯ ಗೆಳೆಯನಿಂದ ಓದಿಸಿದೆ. ಶನಿವಾರ ಎಲ್ಲ ಮನೆಗಳ ಗೋಡೆ, ನಲ್ಲಿ, ಕಿಟಕಿಗಳ ತಪಾಸಣೆ. ಗೊಂಚಲಯ್ಯ ಖುದ್ದಾಗಿ ಬರುತ್ತಾನಂತೆ.

ಹೆಂಡತಿ ಇರಲು ಒಪ್ಪಿದರೂ ಇರಲು ಮನೆ ಬೇಡವೇ? ಶುಕ್ರವಾರ ನಾಲ್ಕೂವರೆಗೆ ಅವಳು ಬಟ್ಟೆ ಒಗೆಯಲು ಕೆಳಗಿನ ಯಂತ್ರದ ಕೋಣೆಗೆ ಇಳಿದಳು. ಇದೇ ಸಮಯವೆಂದು, ಮೊಳೆ ಕಿತ್ತು ತೂತಿಗೆ ಪುಟ್ಟಿ ತುಂಬಿಬಿಡೋಣವೆಂದುಕೊಂಡೆ. ಮಾವನವರ ಕ್ಷಮೆ... ಅಲ್ಲ, ಅಪ್ಪಣೆ ಕೇಳಿ ಫೋಟೊ ಇಳಿಸಿದೆ. ಫೋಟೊದ ಹಿಂದೆ ಸಿಕ್ಕಿಸಿದ್ದ ಕಾಗದವೊಂದು ನೆಲಕ್ಕೆ ಬಿತ್ತು.

ವಾಪಸ್ ಟಿಕೆಟ್! ಅಂಕಿ ಓದಲು ಐದನೇ ಕ್ಲಾಸು ಸಾಕು. ತಾರೀಖು ನೋಡಿದೆ. ಮುಂದಿನ ವಾರದ್ದಲ್ಲ. ಹೋದ ಸೋಮವಾರದ್ದು. ಅದು ಆಗಲೇ ಮುಗಿದುಹೋಗಿತ್ತು.

ಮರೆತಳೋ? ಬಿಟ್ಟಳೋ? ತಲೆ ಓಡಲಿಲ್ಲ. ತಲೆ ಓಡದಿದ್ದಾಗ ನನ್ನ ಕೈ ಓಡುತ್ತದೆ. ಸುತ್ತಿಗೆಯ ಕವಲಿಗೆ ಮೊಳೆಯ ತಲೆ ಸಿಕ್ಕಿಸಿ ಎಳೆದೆ. ಎರಡಿಂಚು ಬಂತು. ಇನ್ನೂ ಎಳೆಯಬೇಕು, ಅಷ್ಟರಲ್ಲಿ ಗೋಡೆಯ ಆಚೆ ಏನೋ ದಬಕ್ಕನೆ ಬಿತ್ತು. ಕಾಯಿಪಲ್ಲೆ ಉರುಳಿದ ಹಾಗೆ ಗುಡುಗುಡು ಸದ್ದು. ನಂತರ ನಮ್ಮ ಬಾಗಿಲು ಬಡಿದ ಸದ್ದು.

ಪಕ್ಕದ ಮನೆಯ ಅಜ್ಜಿ. ಒಬ್ಬಂಟಿ ಮುದುಕಿ, ಮೆಟ್ಟಿಲಲ್ಲಿ ಕಂಡರೆ ನಗುವಷ್ಟು ಪರಿಚಯ. ಅವತ್ತು ಯಾಕೋ ತಿರುಗಾಟದಿಂದ ಬೇಗ ಬಂದಿದ್ದಳು. ಸುತ್ತಿಗೆ ಹಿಡಿದ ನನ್ನ ಕೈಯನ್ನು ನೋಡಿ ಅವಳ ಮುಖ ಅರಳಿತು. ಮಣಿಕಟ್ಟು ಹಿಡಿದು ದರದರ ತನ್ನ ಮನೆಗೆ ಎಳೆದುಕೊಂಡು ಹೋದಳು.

ನೆಲದ ತುಂಬಾ ಈರುಳ್ಳಿ. ಗೋಡೆಯ ಮೇಲೆ, ಅವಳ ಭುಜದ ಎತ್ತರಕ್ಕೆ, ಒಂದು ಮೊಳೆಯ ತುದಿ ಚೂರೇ ಚೂರು ಇಣುಕುತ್ತಿತ್ತು. ಕೆಳಗೆ ಒಂದು ಬಾಟಲಿ ಬಿರಡೆ ಬಿದ್ದಿತ್ತು, ತುದಿ ಚುಚ್ಚದಿರಲಿ ಎಂದು ಸಿಕ್ಕಿಸಿದ್ದು. ಅವಳು ಕೈಸನ್ನೆ ಮಾಡಿ, ನನಗೆ ಗೊತ್ತಿರುವ ನಾಲ್ಕು ಪದ ಸೇರಿಸಿ, ವಿಷಯ ತಿಳಿಸಿದಳು. ಚೀಲ ತೂಗುಹಾಕಲು ಒಂದು ಕೊಕ್ಕೆ ಬೇಕೆಂದು ಉಸ್ತುವಾರಿಯವನಿಗೆ ಮೂರು ವರ್ಷದಿಂದ ಹೇಳುತ್ತಿದ್ದಳಂತೆ. ಅವಳಿಗೆ ಬಗ್ಗಲು ಆಗುವುದಿಲ್ಲ, ಬೆನ್ನು ನೋವು. ಪುಣ್ಯಾತ್ಮ ಕೊನೆಗೂ ಒಂದು ಭಾನುವಾರ ಹಾಕಿಸಿಕೊಟ್ಟಿದ್ದಾನೆ. ರಜೆಯ ದಿನವೂ ಕೆಲಸ! ಅವನಿಗೆ ಧನ್ಯವಾದದ ಕಾಗದ ಬರೆದು ಕೊಟ್ಟಿದ್ದಾಳೆ. ಅದನ್ನು ಅವನು ಕಟ್ಟಡದ ಬಾಗಿಲಲ್ಲಿ ಗಾಜು ಹಾಕಿಸಿ ಇಟ್ಟಿದ್ದಾನೆ. ಈಗ ಕೊಕ್ಕೆ ಒಳಗೆ ಹೋಗುತ್ತಿದೆ, ನೀನು ಸುತ್ತಿಗೆಯವನು, ಸರಿಮಾಡಿಕೊಡು.

ನಾನು ಹೊಡೆದ ಮೊಳೆ! ನನ್ನ ಆರಿಂಚು! ಧನ್ಯವಾದ ಗೊಂಚಲಯ್ಯನಿಗೆ!

ಅಷ್ಟರಲ್ಲಿ ಗೋಡೆಯ ಆಚೆಯಿಂದ, ನಮ್ಮ ಮನೆಯಿಂದ, ಬಟ್ಟೆ ಒಗೆದು ಮೇಲೆ ಬಂದಿದ್ದ ಹೆಂಡತಿಯ ದನಿ ಕೇಳಿತು. ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟ. ಅದೂ ಅಚ್ಚ ಕನ್ನಡದಲ್ಲಿ.

"ಅಜ್ಜೀ, ಚೀಲ ಬಿತ್ತಾ? ತಡೀರಿ, ನಮ್ಮನೆಯವ್ರು ಮೊಳೆ ಎಳೆದಿದಾರೆ. ಉಪಾಯವಾಗಿ ಮತ್ತೆ ಹೊಡಸ್ತೀನಿ."

ಅಜ್ಜಿ ಗೋಡೆಗೆ ಮುಖ ಮಾಡಿ ತನ್ನ ಭಾಷೆಯಲ್ಲಿ ಮೂರು ವಾಕ್ಯ ಹೇಳಿದಳು. ಆ ಕಡೆಯಿಂದ ಉತ್ತರ ಬಂತು: "ಹೌದು ಹೌದು, ಕೋಪ ಒಂದೇ ನೋಡಿ. ಕೈ ಒಳ್ಳೇದು." ಇವಳ ಭಾಷೆ ಅವಳಿಗೆ ಬಾರದು, ಅವಳದು ಇವಳಿಗೆ ಬಾರದು. ಆದರೆ ಇಬ್ಬರೂ ನನ್ನ ವಿಷಯದಲ್ಲಿ ಒಮ್ಮತಕ್ಕೆ ಬಂದು ತಿಂಗಳುಗಳಾದ ಹಾಗಿತ್ತು.

ಮನೆಗೆ ಬಂದೆ. ಹೆಂಡತಿ ಫೋಟೊವನ್ನು ಮಡಿಲಲ್ಲಿಟ್ಟುಕೊಂಡು ಗಾಜು ಒರೆಸುತ್ತಿದ್ದಳು. ಯಾವತ್ತಿನಿಂದ ಗೊತ್ತು ಎಂದು ಕೇಳಿದೆ. ಮೊಳೆ ಹೊಡೆದ ಮಾರನೇ ಬೆಳಗ್ಗೆಯಿಂದ, ಎಂದಳು. ನಾನು ತಟ್ಟದ ಗೋಡೆಯನ್ನು ಅವಳು ತಟ್ಟಿ ನೋಡಿದ್ದಳು. ಟೊಳ್ಳು ಸದ್ದು ಕೇಳಿ ಪಕ್ಕದ ಮನೆಗೆ ಓಡಿದ್ದಳು. ಬಿರಡೆ ಸಿಕ್ಕಿಸಿ ಚೀಲವನ್ನು ಮೊದಲು ತೂಗುಹಾಕಿ ತೋರಿಸಿದ್ದೂ ಅವಳೇ. ಚೀಲ ಅಲ್ಲಿ ಇಳಿದರೆ ಇಲ್ಲಿ ಅಪ್ಪ ಏಳುತ್ತಾರೆ, ಮಕ್ಕಳು ಹಲಗೆಯ ಎರಡು ತುದಿಗೆ ಕೂತು ಆಡುವ ಹಾಗೆ. ಅಜ್ಜಿ ದಿನಾ ನಾಲ್ಕಕ್ಕೆ ಚೀಲ ತೆಗೆದುಕೊಂಡು ಹೊರಡುತ್ತಾಳೆ, ಐದು ಹತ್ತಕ್ಕೆ ತುಂಬಿಕೊಂಡು ಬಂದು ತಗಲಿಸುತ್ತಾಳೆ. ಗಡಿಯಾರ ತಪ್ಪಿದರೂ ಅಜ್ಜಿ ತಪ್ಪುವುದಿಲ್ಲ.

ಆಗ ನನಗೆ, ಕೆಲಸ ಬಿಡುತ್ತೇನೆಂದ ದಿನ ಅವಳು ಹಾಕಿಕೊಟ್ಟ ಆ ಇನ್ನರ್ಧ ಲೋಟ ಚಹಾ ನೆನಪಾಯಿತು.

ಟಿಕೆಟನ್ನು ಅವಳ ಮುಂದಿಟ್ಟೆ. ದನಿ ಅದಾಗಿಯೇ ಮೆತ್ತಗಾಯಿತು. "ಇದು... ತಾರೀಖು ಮುಗಿದಿದೆಯಲ್ಲೇ?"

"ಗೊತ್ತು. ಹೊರಡ್ಲಾ ಅಂತ ಅಪ್ಪನ್ನ ಕೇಳಿದ್ದೆ. ಬೇಡ ಅಂದ್ರು."

"ಎಷ್ಟೊತ್ತಿಗೆ ಕೇಳಿದ್ದೆ?"

"ಐದು ಹತ್ತಕ್ಕೆ," ಎಂದು ಹೇಳಿ ಗಾಜಿಗೆ ಉಸಿರೂದಿ ಒರೆಸತೊಡಗಿದಳು.

ನಾನು ಎದ್ದು ಮೊಳೆಯನ್ನು ಮತ್ತೆ ಒಳಗೆ ಹೊಡೆದೆ. ಈ ಸಲ ಮೊದಲು ತಟ್ಟಿ.

ಶನಿವಾರ ಗೊಂಚಲಯ್ಯ ಗಲಗಲ ಬಂದ. ನಲ್ಲಿ ತಿರುಗಿಸಿದ, ಅರ್ಧ ಕಿಟಕಿ ತೆರೆದ, ಮಾವನವರ ಮುಂದೆ ನಿಂತ. ಮೆಲ್ಲಗೆ ಫೋಟೊ ಎತ್ತಿ ಹಿಂದೆ ಇಣುಕಿದ. ಮೊಳೆಯ ತಲೆಯನ್ನು ನೋಡಿದ. ಪಕ್ಕದ ಮನೆಯ ಕಡೆ ನೋಡಿದ. ನನ್ನನ್ನು ನೋಡಿದ. ಅವನ ಮುಖದಲ್ಲಿ ಆ ಗಾಜು ಹಾಕಿಸಿದ ಧನ್ಯವಾದ ಪತ್ರ ಸಾಲು ಸಾಲಾಗಿ ಓಡಿದ್ದು ನನಗೆ ಕಾಣಿಸಿತು. ಮಾವನವರನ್ನು ಎರಡೂ ಕೈಯಲ್ಲಿ ಜೋಪಾನವಾಗಿ ಮತ್ತೆ ಮೊಳೆಗೆ ತಗಲಿಸಿ, ಸೊಟ್ಟ ತಿದ್ದಿ, ತನ್ನ ಪಟ್ಟಿಯಲ್ಲಿ ಏಳನೇ ನಿಯಮದ ಮುಂದೆ ಸರಿ ಗುರುತು ಹಾಕಿ ಹೊರಟ. ಅಜ್ಜಿ ಇವತ್ತಿಗೂ ಮೆಟ್ಟಿಲಲ್ಲಿ ಅವನನ್ನು ಹೊಗಳುತ್ತಾಳೆ, ಅವನು ಇವತ್ತಿಗೂ ನಾಚಿಕೆಯಿಲ್ಲದೆ ತಲೆ ಬಾಗಿಸುತ್ತಾನೆ. ನಾನು ಬಾಯಿ ಬಿಡುವ ಹಾಗಿಲ್ಲ!

ಅವನು ಹೋದ ಮೇಲೆ ಹೆಂಡತಿ, ಅಪ್ಪನಿಗೆ ಆ ಗುರುದಕ್ಷಿಣೆಯ ಒಂದು ಮಾತು ಕೊಡುವುದು ಬಾಕಿಯಿದೆಯಲ್ಲ, ಇವತ್ತೇ ಕೊಟ್ಟುಬಿಡಿ ಎಂದಳು. ಅನ್ನುವುದರಲ್ಲಿ ತಪ್ಪಿರಲಿಲ್ಲ. ಫೋಟೊದ ಮುಂದೆ ನಿಂತೆ. "ಮಾವ..." ಎಂದೆ. ಮಾವನವರು ಮೇಲೆದ್ದು ತಲೆಯಾಡಿಸಿದರು.

"ನೋಡು, ಬೇಡ ಅಂತಿದಾರೆ. ದೊಡ್ಡ ಮನಸ್ಸು," ಎಂದೆ.

"ಅದು ಅಜ್ಜಿ ಚೀಲ ಕಣ್ರೀ."

"ಮೂರು ತಿಂಗಳು ನಿಮ್ಮಪ್ಪ ಆಗಿದ್ದೋರು ಇವತ್ತು ಚೀಲ ಆಗ್ಬಿಟ್ರಾ?"

ಹೆಂಡತಿ ಗಡಿಯಾರ ನೋಡಿದಳು. "ಹಾಗಿದ್ರೆ ನಾಳೆ ನಾಲ್ಕೂವರೆಗೆ ಹೇಳಿ. ಆಗ ಅಜ್ಜಿ ಮನೇಲಿರಲ್ಲ," ಎಂದಳು.

ಅಂದಿನಿಂದ ದಿನಾ ನಾಲ್ಕೂವರೆಗೆ ಸರಿಯಾಗಿ ನನಗೆ ಹೊರಗೆ ಏನಾದರೂ ಕೆಲಸ ಬರುತ್ತದೆ. ಕಸ ಹಾಕಬೇಕು, ಟಪಾಲು ಪೆಟ್ಟಿಗೆ ನೋಡಬೇಕು, ಎಲೆಕ್ಟ್ರಿಕ್ ಕಂಬ ನೆಟ್ಟಗಿದೆಯೇ ಎಂದು ನೋಡಬೇಕು. ಐದೂಕಾಲಕ್ಕೆ ವಾಪಸು ಬಂದರೆ, ಅಷ್ಟರಲ್ಲಿ ಚೀಲ ತಗಲಿಸಿ ಅಜ್ಜಿ ನಮ್ಮ ಮನೆಗೆ ಚಹಾಕ್ಕೆ ಬಂದಿರುತ್ತಾಳೆ. ಒಂದು ಕುರ್ಚಿಯಲ್ಲಿ ಹೆಂಡತಿ, ಮಾವನವರು ಬಿಟ್ಟುಕೊಟ್ಟ ಕುರ್ಚಿಯಲ್ಲಿ ಅಜ್ಜಿ. ನಾನು ಗೋಡೆಗೊರಗಿ ನಿಂತೇ ಚಹಾ ಕುಡಿಯುತ್ತೇನೆ. ಭುಜದ ಪಕ್ಕದಲ್ಲಿ ಮಾವನವರು. ಕೊಡಬೇಕಾದ ಆ ಒಂದು ಮಾತು ಹಾಗೇ ಉಳಿದಿದೆ. ಅವರೇನೂ ಅವಸರ ಮಾಡುತ್ತಿಲ್ಲ. ಆರಿಂಚಿನ ಮೊಳೆ, ಎಲ್ಲಿಗೆ ಹೋಗುತ್ತಾರೆ?